ಕುದುರೆಮುಖದ ನೆತ್ತಿಗೆ

ವರಾಛಾದಲ್ಲಿ ಹುಟ್ಟಿಬೆಳೆದ ನನ್ನ ಮಗನಿಗೆ ಎತ್ತರವೆಂದರೆ ಸೂರತ್ತಿನ ಫ್ಲೈಓವರೇ! ಕನ್ನಡದಲ್ಲಿ ಕೇಳಿದರೆ ಗುಜರಾತಿಯಲ್ಲಿ ಉತ್ತರ. ದೀಪಾವಳಿ ರಜೆಯಲ್ಲಿ ಅವನನ್ನು ಕುದುರೆಮುಖಕ್ಕೆ ಕರೆದೊಯ್ದೆ.

ಅರಣ್ಯ ಇಲಾಖೆಯ ಅನುಮತಿ ಪಡೆದು, ಊರಿನ ದಾರಿಗಾರನೊಡನೆ ಕಳಸದ ಬಳಿಯ ಮುಳ್ಳೋಡಿಯಿಂದ ಬೆಳಿಗ್ಗೆಯೇ ಹೊರಟೆವು. ಹಳ್ಳ, ಶೋಲಾ ಕಾಡು, ಆಮೇಲೆ ಹುಲ್ಲಿನ ಬೋಳುಗುಡ್ಡ. ಈ ಹುಲ್ಲೂ ಕಾಡೂ ಹಿಡಿದಿಟ್ಟ ಮಳೆನೀರೇ ತುಂಗೆ, ಭದ್ರೆ, ನೇತ್ರಾವತಿಯರ ಜೀವ. 1987ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಇಲ್ಲಿಯ ಅದಿರು ಗಣಿ 2005ರ ಕೊನೆಗೆ ನಿಂತಿತು.

ಅರ್ಧ ದಾರಿಯಲ್ಲಿ, ಕಚೇರಿಯ ಕುರ್ಚಿಗೆ ಒಗ್ಗಿದ ನನ್ನ ಕಾಲುಗಳು ಸೋತವು. ಮಗ ಕೈ ನೀಡಿದ: “ಏಳಪ್ಪಾ, ಕೂತರೆ ಇಂಬಳ ಹತ್ತುತ್ತೆ!” ದಾರಿಗಾರನಿಂದ ಕಲಿತ ಮಾತು. ನಾನು ನಗುತ್ತ ಎದ್ದೆ.

ಸುಮಾರು 1,890 ಮೀಟರಿನ ನೆತ್ತಿಯಲ್ಲಿ ಬರೀ ಮಂಜು, ಏನೂ ಕಾಣಲಿಲ್ಲ. ಸೂರತ್ತಿಗೆ ಮರಳಿದ ಮೇಲೆ ಮತ್ತೆ ಗುಜರಾತಿಯೇ. ಆದರೆ ಗೆಳೆಯರಿಗೆ ಬೆಟ್ಟದ ಕಥೆ ಹೇಳುವಾಗ, ಇಂಬಳ ಮಾತ್ರ ಇಂಬಳವೇ!