ಅಂಚಿನಿಂದ ಒಳಗೆ ಸಾಗುವ ಸಿದ್ದಿಯರ ಕೌದಿ

ಕೌದಿ ಅಂದರೆ ಏನೆಂದು ನಮ್ಮ ರಾಂಪುರದವರಿಗೆ ಬಿಡಿಸಿ ಹೇಳಬೇಕಿಲ್ಲ. ಸವೆದ ಸೀರೆ, ಹರಿದ ಪಂಚೆ, ಮಕ್ಕಳಿಗೆ ಗಿಡ್ಡವಾದ ಅಂಗಿ ಎಲ್ಲವೂ ಒಂದು ಗಂಟಿಗೆ ಬೀಳುತ್ತವೆ. ಬಿಡುವಾದಾಗ ಅಜ್ಜಿ ಆ ಗಂಟು ಬಿಚ್ಚಿ ಸೂಜಿ ಹಿಡಿದರೆ ಚಳಿಗಾಲಕ್ಕೊಂದು ಹೊದಿಕೆ. ಅತ್ತ ಚಳ್ಳಕೆರೆಯ ಕಂಬಳಿಗೆ ಹೆಸರಿದೆ, ಇತ್ತ ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಮನೆಯೊಳಗೇ ಹುಟ್ಟಿ ಮನೆಯೊಳಗೇ ಸವೆಯುವ ಕೌದಿಗೆ ಮಾತ್ರ ಸಂತೆಯಲ್ಲಿ ಜಾಗವಿಲ್ಲ.

ಇದೇ ಕೌದಿಯನ್ನು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿ ಹೆಂಗಸರು ಹೊಲಿಯುತ್ತಾರೆ. ಸಿದ್ದಿಯರ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರು ಮತ್ತು ಅರಬ್ ವ್ಯಾಪಾರಿಗಳು ಗುಲಾಮರನ್ನಾಗಿ ಹಡಗೇರಿಸಿ ತಂದವರಲ್ಲಿ ಹಲವರು ಗೋವಾದಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಇಂದು ಅವರಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಧರ್ಮದವರಿದ್ದಾರೆ. ಕನ್ನಡ, ಕೊಂಕಣಿ, ಮರಾಠಿ ಮಾತಾಡುತ್ತಾರೆ. ಹಬ್ಬಕ್ಕೆ ಡಮಾಮಿ ಡೋಲು ಬಾರಿಸಿದರೆ ಕುಣಿಯುವ ಕಾಲು ಎಲ್ಲರದೂ.

ಅವರ ಕೌದಿಗೆ ಮೊದಲೇ ಬರೆದುಕೊಂಡ ನಕ್ಷೆಯಿಲ್ಲ. ಅಗಲವಾದ ಹಳೇ ಸೀರೆಯೊಂದು ತಳಕ್ಕೆ. ಅದರ ಮೇಲೆ ಒಂದು ಮೂಲೆಯಿಂದ ತುಂಡುಬಟ್ಟೆ ಜೋಡಿಸುತ್ತಾ ಅಂಚಿನುದ್ದಕ್ಕೂ ಸುತ್ತು ಬರುತ್ತಾರೆ. ಸುತ್ತು ಸುತ್ತಾಗಿ ಹೊಲಿಗೆ ಒಳಗೆ ಸರಿದು ನಡುವಿಗೆ ಬಂದು ಮುಗಿಯುತ್ತದೆ. ಕಡುಬಣ್ಣದ ಪುಟ್ಟ ತೇಪೆಗಳಿಗೆ ‘ಟಿಕೇಲಿ’ ಎನ್ನುತ್ತಾರೆ. ಕ್ರೈಸ್ತ ಮನೆಯ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಮನೆಯದರಲ್ಲಿ ಅರ್ಧಚಂದ್ರ ಮೂಡುವುದುಂಟು. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಿಸಿ ಮುಕ್ಕೋನವಾಗಿ ಹೊಲಿದ ‘ಫೂಲ’, ಅಂದರೆ ಹೂವು. ಹೂವಿಲ್ಲದ ಕೌದಿ ಬತ್ತಲೆ ಎಂಬುದು ಅವರ ಲೆಕ್ಕ. ಎಷ್ಟು ಜನ ಹೊದೆಯಬೇಕೋ ಅಷ್ಟು ಅಗಲ. ಕೂಸಿನದಾದರೆ ಚಿಕ್ಕದು, ಬಣ್ಣ ಹೆಚ್ಚು.

ಈ ಕೆಲಸಕ್ಕೆ ಹೊರಗಿನ ಕಣ್ಣು ತಾಗಿದ್ದು ತಡವಾಗಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಸಿದ್ದಿಯರ ನಡುವೆ ಅಧ್ಯಯನಕ್ಕೆ ಬಂದವರು, 2004ರಲ್ಲಿ ಕೌದಿ ಹೊಲಿಯುವ ಹೆಂಗಸರ ಸಹಕಾರಿ ಸಂಘಕ್ಕೆ ನೆರವಾದರು. 2011ರಲ್ಲಿ ಈ ಕೌದಿಗಳು ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದ ಗೋಡೆಯೇರಿದವು. ಸಮುದಾಯವೂ ಮೇಲೇಳುತ್ತಿದೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು.

ಆಫ್ರಿಕಾ ನಮಗೆ ದೂರದ ಮಾತೆನಿಸಬಹುದು. ಆದರೆ ನಮ್ಮ ಮುದ್ದೆಯ ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲ. ರೊಟ್ಟಿಯ ಸಜ್ಜೆ ಸಹಾರಾ ಮರುಭೂಮಿಯ ದಕ್ಷಿಣದಂಚಿನಲ್ಲಿ ಮೊದಲು ಬಿತ್ತಿದ ಬೆಳೆ. ಸವಣೂರಿನ ದೊಡ್ಡಹುಣಸೆ ಮರಗಳೂ ಆ ಖಂಡದವೇ. ಬಂದ ಬೆಳೆಯನ್ನು ನಮ್ಮದೆಂದು ಉಂಡ ನಾವು, ಬಂದ ಜನರನ್ನು ಮಾತ್ರ ಬಹುಕಾಲ ಬೆರಗಿನಿಂದ ನೋಡುತ್ತಲೇ ಉಳಿದೆವು.

ಯಲ್ಲಾಪುರದ ಕಡೆ ಹೋದರೆ ಒಂದು ಕೌದಿ ಕೊಳ್ಳಿ. ಹಳೇ ಬಟ್ಟೆಯದಲ್ಲವೇ ಎಂದು ಚೌಕಾಸಿಗೆ ಇಳಿಯಬೇಡಿ. ಬಟ್ಟೆ ಹಳೆಯದಿರಬಹುದು, ದುಡಿಮೆ ಹಳೆಯದಲ್ಲ.