ನಾಣ್ಯಗಳ ಸೂಕ್ಷ್ಮ ಛಾಯಾಗ್ರಹಣ: ಲೆನ್ಸ್ ಆಯ್ಕೆ ಹೇಗೆ?

ಭಾರತದ ನಾಣ್ಯಗಳಲ್ಲಿ ಇಸವಿಯ ಕೆಳಗಿರುವ ಪುಟ್ಟ ಗುರುತು ಟಂಕಸಾಲೆಯನ್ನು ಸೂಚಿಸುತ್ತದೆ: ವಜ್ರಾಕೃತಿ ಮುಂಬೈಯದು, ನಕ್ಷತ್ರ ಹೈದರಾಬಾದಿನದು. ಸಂಗ್ರಾಹಕರಿಗೆ ನಾಣ್ಯದ ಬೆಲೆ ಹಲವೊಮ್ಮೆ ಇದನ್ನೇ ಅವಲಂಬಿಸುವುದರಿಂದ, ಗುರುತು ಅಚ್ಚಿನಲ್ಲೇ ಮೂಡಿದ್ದೋ, ಬಳಿಕ ಕೆತ್ತಿದ್ದೋ ಎಂದು ಪರಿಶೀಲಿಸಲು ಸ್ಪಷ್ಟ ಛಾಯಾಚಿತ್ರ ಅಗತ್ಯ.

ಸಾಮಾನ್ಯ ಮ್ಯಾಕ್ರೋ ಲೆನ್ಸ್ 1:1 ಅನುಪಾತದಲ್ಲಿ, ಅಂದರೆ ವಸ್ತುವಿನಷ್ಟೇ ದೊಡ್ಡ ಬಿಂಬವನ್ನು ಸೆನ್ಸರ್ ಮೇಲೆ ಮೂಡಿಸುತ್ತದೆ. ಇಡೀ ನಾಣ್ಯಕ್ಕೆ ಅಷ್ಟು ಸಾಕು. ಗುರುತನ್ನಷ್ಟೇ 4 ಪಟ್ಟು ಹಿಗ್ಗಿಸಲು ಬೆಲ್ಲೋಸ್‌ಗೆ ತಿರುಗಿಸಿ ಜೋಡಿಸಿದ ಎನ್‌ಲಾರ್ಜರ್ ಲೆನ್ಸ್ ಅಥವಾ ಸೂಕ್ಷ್ಮದರ್ಶಕದ ಆಬ್ಜೆಕ್ಟಿವ್ ಸೂಕ್ತ.

ದ್ಯುತಿರಂಧ್ರವನ್ನು ಅತಿಯಾಗಿ ಕಿರಿದಾಗಿಸಬಾರದು. 4 ಪಟ್ಟು ವರ್ಧನೆಯಲ್ಲಿ ಎಫ್/5.6 ಎಂಬುದು ಎಫ್/28ರಂತೆ ವರ್ತಿಸುವುದರಿಂದ, ಬೆಳಕಿನ ವಿವರ್ತನೆಯಿಂದಾಗಿ ಚಿತ್ರ ಮಸುಕಾಗುತ್ತದೆ. ಲೆನ್ಸ್ ನಾಣ್ಯಕ್ಕೆ ತೀರಾ ಸಮೀಪಿಸಿದರೂ ತೊಂದರೆಯೇ: ಓರೆ ಬೆಳಕಿಗೆ ಎಡೆಯಿರದು, ಆ ಬೆಳಕಿಲ್ಲದೆ ಕೆತ್ತಿದ ಗೀರು ಕಾಣದು.