ಖಚಿತವಾಗುವ ಮೊದಲೇ ಕೂಗಬೇಕು

1953ರ ಏಪ್ರಿಲ್ 9. ಅಮೆರಿಕದ ಇಲಿನಾಯ್ ರಾಜ್ಯದ ಶಾಂಪೇನ್ ಬಳಿ ಡೊನಾಲ್ಡ್ ಸ್ಟ್ಯಾಗ್ಸ್ ಎಂಬ ತಂತ್ರಜ್ಞ ರೇಡಾರೊಂದನ್ನು ರಿಪೇರಿ ಮಾಡಿ ಪರೀಕ್ಷಿಸುತ್ತಿದ್ದ. ಎಷ್ಟು ಮಳೆ ಸುರಿಯಿತೆಂದು ಅಳೆಯಲು ಇಟ್ಟಿದ್ದ ಯಂತ್ರವದು. ಪರದೆಯಲ್ಲಿ ಬೆಳಗುತ್ತಿದ್ದ ಗುಡುಗುಮೋಡದ ಗುರುತಿಗೆ ಒಂದು ಬದಿಯಲ್ಲಿ ಬಾಲ ಮೂಡಿತು. ಅದು ಒಳಮುಖವಾಗಿ ಸುತ್ತಿಕೊಂಡು 6 ಅಂಕಿಯ ಆಕಾರ ತಾಳಿತು. ಏನೋ ವಿಚಿತ್ರವಾಗಿದೆ ಎನ್ನಿಸಿ ಸ್ಟ್ಯಾಗ್ಸ್ ಅದನ್ನು ಫಿಲ್ಮಿನಲ್ಲಿ ಹಿಡಿದಿಟ್ಟ. ಬಾಲವಿದ್ದ ಕಡೆ, ನೆಲದ ಮೇಲೆ, ಸುಂಟರಗಾಳಿ ಸಾಗುತ್ತಿತ್ತು.

ಬಿರುಗಾಳಿ ಹುಟ್ಟುವುದನ್ನು ರೇಡಾರಿನಲ್ಲಿ ಹಿಂಬಾಲಿಸುವ ವಿದ್ಯೆಗೆ ಈ ‘ಕೊಕ್ಕೆ’ಯೇ ಮೊದಲ ಅಕ್ಷರ. ಎರಡನೇ ಮಹಾಯುದ್ಧದಲ್ಲಿ ಶತ್ರುವಿಮಾನ ಹುಡುಕುತ್ತಿದ್ದ ರೇಡಾರ್ ಸಿಬ್ಬಂದಿಗೆ ಮಳೆಯೆಂದರೆ ಬರೀ ಕಿರಿಕಿರಿ. ವಿಮಾನ ಕಾಣಬೇಕಾದಲ್ಲಿ ಮೋಡ ಕಾಣುತ್ತಿತ್ತು. ಯುದ್ಧ ಮುಗಿದ ಮೇಲೆ, ಬಳಕೆ ತೀರಿದ ಆ ಯಂತ್ರಗಳು ಹವಾಮಾನದವರ ಕೈಸೇರಿದವು. ಕಿರಿಕಿರಿಯೇ ಕಸುಬಾಯಿತು.

ಆದರೆ ಕಂಡದ್ದನ್ನು ಹೇಳುವುದಕ್ಕೆ ಆಗ ಧೈರ್ಯವಿರಲಿಲ್ಲ. ಜನ ಗಾಬರಿಗೊಳ್ಳುತ್ತಾರೆಂಬ ಭಯಕ್ಕೆ ಅಮೆರಿಕದ ಹವಾಮಾನ ಇಲಾಖೆ ದಶಕಗಳ ಕಾಲ ಮುನ್ಸೂಚನೆಯಲ್ಲಿ ಸುಂಟರಗಾಳಿಯ ಹೆಸರೆತ್ತಲು ಹಿಂಜರಿಯುತ್ತಿತ್ತು. 1948ರ ಮಾರ್ಚ್ 20ರಂದು ಒಕ್ಲಹೋಮದ ಟಿಂಕರ್ ವಾಯುನೆಲೆಗೆ ಸುಂಟರಗಾಳಿ ಅಪ್ಪಳಿಸಿತು. ಐದು ದಿನ ಕಳೆದ ಮೇಲೆ ಅಲ್ಲಿನ ಅಧಿಕಾರಿಗಳಾದ ಅರ್ನೆಸ್ಟ್ ಫಾಬುಶ್ ಮತ್ತು ರಾಬರ್ಟ್ ಮಿಲ್ಲರ್ ಅವರಿಗೆ ಹವೆಯ ನಕ್ಷೆಯಲ್ಲಿ ಹಿಂದಿನ ಲಕ್ಷಣಗಳೇ ಮತ್ತೆ ಕಂಡವು. ಅಂಜುತ್ತಲೇ ಮುನ್ಸೂಚನೆ ಹೊರಡಿಸಿದರು. ಅಂದು ಸಂಜೆಯೇ ಅದೇ ನೆಲೆಗೆ ಮತ್ತೊಂದು ಸುಂಟರಗಾಳಿ ಬಂತು! ಮುಂಚಿತವಾಗಿ ಹೇಳಲು ಸಾಧ್ಯ ಎನ್ನುವುದು ಇಷ್ಟರಿಂದ ಗೊತ್ತಾಯಿತು. 1953ರ ಮೇ 11ರಂದು ಟೆಕ್ಸಸ್ಸಿನ ವೇಕೊ ನಗರದಲ್ಲಿ 114 ಮಂದಿ ಸತ್ತಾಗ, ಹೇಳದೇ ಇರುವಂತಿಲ್ಲ ಎನ್ನುವುದೂ ಗೊತ್ತಾಯಿತು. ಆ ರಾಜ್ಯದಲ್ಲಿ ಸುಂಟರಗಾಳಿಯ ಎಚ್ಚರಿಕೆಗೆಂದೇ ರೇಡಾರ್ ಜಾಲ ಕಟ್ಟುವ ಕೆಲಸ ಶುರುವಾಯಿತು.

ಕೊಕ್ಕೆಗೆ ಎರಡು ಕೊರತೆಗಳಿದ್ದವು. ಕೊಕ್ಕೆ ಮೂಡಿದಲ್ಲೆಲ್ಲ ಸುಂಟರಗಾಳಿ ಬರುವುದಿಲ್ಲ, ಸುಂಟರಗಾಳಿ ಬಂದಾಗಲೆಲ್ಲ ಕೊಕ್ಕೆ ಮೂಡುವುದಿಲ್ಲ. ಯಾಕೆಂದರೆ ಹಳೆಯ ರೇಡಾರ್ ತೋರಿಸುತ್ತಿದ್ದುದು ಮಳೆ ಎಲ್ಲಿದೆ, ಎಷ್ಟು ದಟ್ಟವಾಗಿದೆ ಎಂಬುದನ್ನು ಮಾತ್ರ. ಗಾಳಿ ಎತ್ತ ಬೀಸುತ್ತಿದೆಯೆಂದು ಅದಕ್ಕೆ ತಿಳಿಯುತ್ತಿರಲಿಲ್ಲ.

ಆ ಕೊರತೆ ನೀಗಿಸಿದ್ದು ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲೇ ಮಂಡಿಸಿದ್ದ ತತ್ವ. ನಮ್ಮತ್ತ ಬರುವ ರೈಲಿನ ಶಿಳ್ಳೆ ಕೀಚಲಾಗಿ, ದಾಟಿಹೋದ ಮೇಲೆ ದಪ್ಪಗೆ ಕೇಳುತ್ತದಲ್ಲ, ಹಾಗೆಯೇ ಮಳೆಹನಿಗೆ ತಗುಲಿ ಮರಳುವ ರೇಡಿಯೋ ಅಲೆಯ ಆವರ್ತನವೂ ಹನಿಯ ಚಲನೆಗೆ ತಕ್ಕಂತೆ ಬದಲಾಗುತ್ತದೆ. 1958ರ ಜೂನ್ 10ರಂದು ಕಾನ್ಸಸ್ಸಿನ ಎಲ್ ಡೊರಾಡೊ ಸುಂಟರಗಾಳಿಯಲ್ಲಿ ಡಾಪ್ಲರ್ ರೇಡಾರ್ ಗಂಟೆಗೆ ಸುಮಾರು 330 ಕಿಲೋಮೀಟರ್ ವೇಗವನ್ನು ಅಳೆಯಿತು. ವೇಗವೇನೋ ಸಿಕ್ಕಿತು, ಆದರೆ ಅದು ಮೋಡದ ಯಾವ ಭಾಗದಲ್ಲಿ ಎಂಬುದು ಸಿಗಲಿಲ್ಲ.

ಅದು ಸಿಕ್ಕಿದ್ದು 1973ರ ಮೇ 24ರಂದು, ಒಕ್ಲಹೋಮದ ಯೂನಿಯನ್ ಸಿಟಿಯಲ್ಲಿ. ನಾರ್ಮನ್ ಪಟ್ಟಣದ ರಾಷ್ಟ್ರೀಯ ತೀವ್ರ ಬಿರುಗಾಳಿ ಪ್ರಯೋಗಾಲಯದ ಒಂದು ತಂಡ ಕ್ಯಾಮೆರಾ ಹಿಡಿದು ಸುಂಟರಗಾಳಿಯ ಬೆನ್ನುಹತ್ತಿತ್ತು. ಅದೇ ಹೊತ್ತಿಗೆ ಪ್ರಯೋಗಾಲಯದ ಡಾಪ್ಲರ್ ರೇಡಾರ್ ಆ ಮೋಡವನ್ನು ಜಾಲಾಡುತ್ತಿತ್ತು. ಬಳಿಕ ದಾಖಲೆ ಕೆದಕಿದಾಗ, ರೇಡಾರಿನತ್ತ ನುಗ್ಗುವ ಗಾಳಿಯೂ ರೇಡಾರಿನಿಂದ ದೂರ ಸರಿಯುವ ಗಾಳಿಯೂ ಒಂದನ್ನೊಂದು ಒತ್ತಿಕೊಂಡು ಇರುವ ಗುರುತು ಕಂಡಿತು. ಸುಂಟರಗಾಳಿ ನೆಲ ಮುಟ್ಟುವುದಕ್ಕೆ ಮೊದಲೇ ಅದು ಮೋಡದ ಎತ್ತರದಲ್ಲಿ ಮೂಡಿತ್ತು. 1977ರಿಂದ 1979ರವರೆಗಿನ ಪರೀಕ್ಷೆಗಳಲ್ಲಿ, ಡಾಪ್ಲರ್ ಇದ್ದರೆ ಸರಾಸರಿ ಸುಮಾರು 20 ನಿಮಿಷ ಮುಂಚಿತವಾಗಿ ಎಚ್ಚರಿಸಬಹುದೆಂದು ಸ್ಪಷ್ಟವಾಯಿತು. 1990ರ ದಶಕದಲ್ಲಿ ಅಮೆರಿಕದ ಉದ್ದಗಲಕ್ಕೂ ಸುಮಾರು 160 ಡಾಪ್ಲರ್ ರೇಡಾರುಗಳು ಎದ್ದುನಿಂತವು. ಪರದೆಯಲ್ಲಿ ಹಸಿರೆಂದರೆ ಬರುವ ಗಾಳಿ, ಕೆಂಪೆಂದರೆ ಹೋಗುವ ಗಾಳಿ. ಎರಡೂ ಅಂಟಿಕೊಂಡಲ್ಲಿ ಗಾಳಿ ಗಿರಕಿ ಹೊಡೆಯುತ್ತಿದೆ ಎಂದರ್ಥ. (ಇದೇ ಬಗೆಯ ಹವಾಮಾನ ರೇಡಾರನ್ನು ಮುಂದೆ ಇಸ್ರೊ ಜೊತೆ ಸೇರಿ ನಿರ್ಮಿಸಿದ್ದು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. ಮೊದಲನೆಯದು ಶ್ರೀಹರಿಕೋಟಾದಲ್ಲಿ ನೆಲೆಗೊಂಡಿತು.)

ಇಷ್ಟಾದರೂ ರೇಡಾರಿಗೆ ಕಾಣದ ಜಾಗವೊಂದು ಉಳಿಯಿತು. ಭೂಮಿ ದುಂಡಗಿದೆ, ರೇಡಾರಿನ ಕಿರಣ ಹೆಚ್ಚುಕಡಿಮೆ ನೇರಕ್ಕೆ ಸಾಗುತ್ತದೆ. ನೂರು ಕಿಲೋಮೀಟರ್ ಆಚೆಗೆ ತಲುಪುವಷ್ಟರಲ್ಲಿ ಅತ್ಯಂತ ಕೆಳಗಿನ ಕಿರಣವೂ ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಮೇಲಿರುತ್ತದೆ. ಮನೆಗಳಿರುವುದು ಅದರ ಕೆಳಗೆ. ಹಾಗಾಗಿ 1990ರ ದಶಕದ ಮಧ್ಯದಲ್ಲಿ ಜೋಶುವಾ ವರ್ಮನ್ ಮತ್ತು ಜೊತೆಗಾರರು ರೇಡಾರನ್ನೇ ಲಾರಿಗೇರಿಸಿ ಬಿರುಗಾಳಿಯ ಬುಡಕ್ಕೆ ಒಯ್ದರು. ಸಂಶೋಧನೆಗೆ ಇದು ವರವಾಯಿತು. ಆದರೆ ಊರೂರಿಗೆ ಎಚ್ಚರಿಕೆ ಕೊಡಲು ಲಾರಿ ಸಾಲದು. ಅದಕ್ಕೆ ಇವತ್ತಿಗೂ ಕಣ್ಣಾರೆ ಕಂಡು ಸುದ್ದಿ ಮುಟ್ಟಿಸುವ ತರಬೇತಾದ ಸ್ವಯಂಸೇವಕರು ಬೇಕು.

ಕೊನೆಗೆ ಖಚಿತ ಸಾಕ್ಷಿಯೂ ದೊರೆಯಿತು. 2013ರ ಹೊತ್ತಿಗೆ ಅಮೆರಿಕದ ಉದ್ದಗಲಕ್ಕೂ ನಿಂತಿದ್ದ ಆ ಡಾಪ್ಲರ್ ರೇಡಾರುಗಳೆಲ್ಲ ಅಡ್ಡಲಾಗಿ ಕಂಪಿಸುವ ಮತ್ತು ಲಂಬವಾಗಿ ಕಂಪಿಸುವ ಎರಡೂ ಬಗೆಯ ಅಲೆಗಳನ್ನು ಕಳಿಸುವಂತಾದವು. ಮಳೆಹನಿಗಳು ಹೆಚ್ಚುಕಡಿಮೆ ಒಂದೇ ರೂಪದವು. ತಗಡು, ಹಲಗೆ, ಮರದ ಕೊಂಬೆಗಳಿಗೆ ಅಂಥ ಶಿಸ್ತಿಲ್ಲ. ಈ ವ್ಯತ್ಯಾಸ ಹಿಡಿದು, ಗಾಳಿಯಲ್ಲಿ ಸುತ್ತುತ್ತಿರುವುದು ನೀರೋ ಒಡೆದ ಮನೆಯ ಚೂರುಗಳೋ ಎಂದು ಹೇಳಬಹುದು. ಸುಂಟರಗಾಳಿ ಬಂದಿದೆ ಎನ್ನಲು ಇದಕ್ಕಿಂತ ಪುರಾವೆ ಬೇಕಿಲ್ಲ. ಆದರೆ ಈ ಪುರಾವೆ ಸಿಗುವ ಹೊತ್ತಿಗೆ ಯಾರದೋ ಮನೆ ಹೋಗಿರುತ್ತದೆ.

ಎಪ್ಪತ್ತು ವರ್ಷಗಳ ಈ ಕಲಿಕೆಯ ಸಂಕಟ ಇಲ್ಲಿದೆ. ಬೇಗ ಸಿಗುವ ಸುಳಿವು ಅನುಮಾನದ್ದು, ಅನುಮಾನವಿಲ್ಲದ ಸುಳಿವು ತಡವಾದದ್ದು. ಕಾಯದೆ ಕೂಗಿದರೆ ಹುಸಿಯಾಗಬಹುದು. ಅಮೆರಿಕದಲ್ಲಿ ಹತ್ತು ಎಚ್ಚರಿಕೆಗಳಲ್ಲಿ ಸುಮಾರು ಏಳು ಹುಸಿಯಾಗುತ್ತವೆ. ಅದನ್ನು ಯಂತ್ರದ ತಪ್ಪೆನ್ನುವುದಕ್ಕಿಂತ, ಕೆಲವು ನಿಮಿಷ ಗಳಿಸಲು ತೆರುವ ಬೆಲೆ ಎನ್ನುವುದು ಸರಿ.

ಆ ನಿಮಿಷಗಳಿಂದ ಏನಾಗುತ್ತದೆ ಎಂಬುದು ರೇಡಾರಿನ ಕೈಯಲ್ಲಿಲ್ಲ. 2013ರ ಮೇ 20ರಂದು ಒಕ್ಲಹೋಮದ ಮೂರ್ ನಗರದತ್ತ ಹೊರಟ ಸುಂಟರಗಾಳಿಗೆ, ಅದು ನೆಲ ಮುಟ್ಟುವ 16 ನಿಮಿಷ ಮೊದಲೇ ಎಚ್ಚರಿಕೆ ಹೊರಟಿತ್ತು. ಆದರೂ 24 ಜನ ಸತ್ತರು. ಅವರಲ್ಲಿ ಏಳು ಮಕ್ಕಳು ಸುಭದ್ರ ಆಶ್ರಯಕೋಣೆಯಿಲ್ಲದ ಶಾಲೆಯೊಂದರಲ್ಲಿದ್ದವರು. ಮರುವರ್ಷ ಆ ನಗರ, ಗಂಟೆಗೆ 217 ಕಿಲೋಮೀಟರ್ ಗಾಳಿಯನ್ನು ತಡೆಯುವಂತೆ ಹೊಸ ಮನೆಗಳನ್ನು ಕಟ್ಟಬೇಕೆಂದು ನಿಯಮ ಮಾಡಿತು. ಎಚ್ಚರಿಕೆ ಎಷ್ಟು ಬೇಗ ಬಂದರೂ, ಓಡಿಹೋಗಿ ಸೇರಿಕೊಳ್ಳಲು ಗಟ್ಟಿ ಗೋಡೆಯಿದ್ದವರಿಗಷ್ಟೇ ಅದರಿಂದ ಉಪಯೋಗ.